ಸಣ್ಣ ವಿಡಿಯೊ ಸಂಸ್ಥೆಯಲ್ಲಿ ಬಗೆಬಗೆಯ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾಲ್ಕೈದು ಜನರೇ ಇರುವ ಕಡೆ ಯಾರು ಯಾವ ಕೆಲಸ ಮಾಡುತ್ತಾರೆ?

ವಿಸಿಟಿಂಗ್ ಕಾರ್ಡಿನಲ್ಲಿ ಏನೇ ಬರೆದಿರಲಿ, ಒಬ್ಬೊಬ್ಬರ ಪಾಲಿಗೂ ಎರಡು ಮೂರು ಕೆಲಸ ಬಂದೇ ಬರುತ್ತವೆ. ಕ್ಯಾಮೆರಾ ಹಿಡಿಯುವವರೇ ಲೈಟೂ ನಿಲ್ಲಿಸುತ್ತಾರೆ. ಎಡಿಟರ್ ಟೈಟಲ್ ಮಾಡುತ್ತಾರೆ, ಧ್ವನಿಯನ್ನೂ ಹದಗೊಳಿಸುತ್ತಾರೆ. ಕ್ಲೈಂಟ್ ಜೊತೆ ಮಾತಾಡಿದವರೇ ಶೂಟಿಂಗ್ ದಿನ ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಹಿಡಿದು ನಿಂತಿರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. "ಅದನ್ನು ಅವರು ನೋಡಿಕೊಳ್ಳುತ್ತಾರೆ" ಎಂದು ಇಬ್ಬರೂ ಅಂದುಕೊಂಡಾಗಲೇ ಕೆಲಸ ಕೆಡುವುದು. ಹಾಗಾಗಿ ಹೊರಡುವ ಮೊದಲೇ ಮೂರು ವಿಷಯಗಳನ್ನು ಹೆಸರು ಹಿಡಿದು ಹಂಚಿ: ಹೆಡ್‌ಫೋನ್ ಹಾಕಿಕೊಂಡು ಧ್ವನಿ ಕೇಳುವವರು ಯಾರು, ತುಂಬಿದ ಮೆಮೊರಿ ಕಾರ್ಡ್ ಯಾರ ಬಳಿ ಇರಬೇಕು, ಗಡಿಯಾರ ನೋಡುವವರು ಯಾರು. ಇಬ್ಬರೇ ಹೋಗುವುದಾದರೆ ಕ್ಯಾಮೆರಾ ಹಿಡಿಯದವರಿಗೇ ಈ ಮೂರೂ ಇರಲಿ. ಹಿಡಿದವರ ಗಮನ ಫ್ರೇಮಿನಲ್ಲೇ ಮುಳುಗಿರುತ್ತದೆ.

ಒಂದು ವಾರ ಕಾರ್ಖಾನೆಯ ಪರಿಚಯ ಚಿತ್ರ, ಮರುವಾರ ನೃತ್ಯ ಕಾರ್ಯಕ್ರಮ, ಅದರ ಮರುವಾರ ತರಬೇತಿ ವಿಡಿಯೊ. ಪ್ರತಿ ಸಲವೂ ಹೊಸದಾಗಿ ತಯಾರಾಗಬೇಕೇ?

ಕೆಲಸದ ಹೆಸರು ನೋಡಿ ತಯಾರಾಗಬೇಡಿ. ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಇನ್ನೊಮ್ಮೆ ತೆಗೆಯಲು ಆಗುತ್ತದೆಯೇ? ಯಾವ ಸಾಮಾನು ಒಯ್ಯಬೇಕು, ಎಷ್ಟು ಜನ ಹೋಗಬೇಕು ಎಂಬುದೆಲ್ಲ ಈ ಒಂದು ಉತ್ತರದ ಮೇಲೆಯೇ ನಿಂತಿದೆ.

ಆಗುವುದಿಲ್ಲ ಎಂದಾದರೆ (ವೇದಿಕೆಯ ಕಾರ್ಯಕ್ರಮ, ಭಾಷಣ, ಉದ್ಘಾಟನೆ, ಆಟದ ಪಂದ್ಯ) ಎಲ್ಲವೂ ಜೋಡಿ ಇರಬೇಕು. ಎರಡು ಕಾರ್ಡ್ ಸ್ಲಾಟ್ ಇರುವ ಕ್ಯಾಮೆರಾದಲ್ಲಿ ಎರಡಕ್ಕೂ ಏಕಕಾಲಕ್ಕೆ ರೆಕಾರ್ಡ್ ಆಗುವಂತೆ ಇಡಿ. ಧ್ವನಿಗೆ ಕ್ಯಾಮೆರಾ ಒಂದು, ಬೇರೆ ರೆಕಾರ್ಡರ್ ಒಂದು. ಇಡೀ ವೇದಿಕೆ ಕಾಣುವಂತೆ ಒಂದು ವೈಡ್ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಕೂರಿಸಿ, ಫೋಕಸ್ ಮ್ಯಾನ್ಯುಯಲ್ ಮಾಡಿ, ಆಮೇಲೆ ಅದನ್ನು ಮುಟ್ಟಲೇಬೇಡಿ. ಉಳಿದ ಕ್ಯಾಮೆರಾಗಳು ಜಾಗ ಬದಲಿಸುವಾಗ, ಫೋಕಸ್ ತಪ್ಪಿದಾಗ ಎಡಿಟರ್ ಓಡಿಬರುವುದು ಈ ಸಪ್ಪೆ ಶಾಟ್‌ಗೇ. ಹಳೆಯ ಕ್ಯಾಮೆರಾಗಳಲ್ಲಿ ಹಲವು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ, ಕೆಲವು 4ಕೆಯಲ್ಲಿ ಕಾದು ಆಫ್ ಆಗುತ್ತವೆ. ಮುಟ್ಟದ ಕ್ಯಾಮೆರಾ ಅಂಥದ್ದಾಗಬಾರದು. ಹೊಸ ಲೆನ್ಸ್, ಹೊಸ ಮೈಕ್, ನಿನ್ನೆ ತಾನೇ ಅಪ್‌ಡೇಟ್ ಮಾಡಿದ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಕೂಡ ಇಂಥ ದಿನ ಬೇಡ.

ಆಗುತ್ತದೆ ಎಂದಾದರೆ (ಉತ್ಪನ್ನದ ಚಿತ್ರೀಕರಣ, ತರಬೇತಿ ವಿಡಿಯೊ, ಯಂತ್ರಗಳ ಶಾಟ್) ಒಂದೇ ಕ್ಯಾಮೆರಾ ಸಾಕು. ಉಳಿದ ಸಮಯ ಬೆಳಕಿಗೆ ಕೊಡಿ. ಪ್ರಯೋಗ ಮಾಡುವುದಿದ್ದರೆ ಇಲ್ಲಿ ಮಾಡಿ.

ಎರಡೂ ಬೆರೆತ ಕೆಲಸಗಳಲ್ಲೇ ಎಡವುವುದು ಹೆಚ್ಚು. ಯಂತ್ರ ದಿನವಿಡೀ ಓಡುತ್ತದೆ, ಆದರೆ ಕಾರ್ಖಾನೆಯ ಮುಖ್ಯಸ್ಥರು ಸಿಗುವುದು 20 ನಿಮಿಷ. ಆ 20 ನಿಮಿಷವನ್ನು ವೇದಿಕೆ ಕಾರ್ಯಕ್ರಮದಂತೆಯೇ ನೋಡಿ: ಅವರು ಬರುವ ಒಂದು ಗಂಟೆ ಮೊದಲು ಲೈಟ್, ಫ್ರೇಮ್, ಮೈಕ್ ಎಲ್ಲ ಸಿದ್ಧವಾಗಿ, ಅವರ ಕುರ್ಚಿಯಲ್ಲಿ ನಿಮ್ಮವರೇ ಒಬ್ಬರು ಕೂತು ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿರಬೇಕು.

ಕ್ಲೈಂಟ್ ಜೊತೆಗಿನ ಮೊದಲ ಮಾತುಕತೆಯಲ್ಲಿ ಏನು ಕೇಳಬೇಕು?

"ಚೆನ್ನಾಗಿರಬೇಕು" ಎಂಬುದನ್ನು ಬೇಡಿಕೆ ಎಂದು ಬರೆದುಕೊಳ್ಳಬೇಡಿ. ಬೇಕಿರುವುದು ಇಷ್ಟು: ವಿಡಿಯೊ ಎಲ್ಲಿ ಓಡುತ್ತದೆ (ಫೋನ್, ಸಭಾಂಗಣದ ಪರದೆ, ವಸ್ತುಪ್ರದರ್ಶನದಲ್ಲಿ ಧ್ವನಿಯಿಲ್ಲದ ಟಿವಿ), ಎಷ್ಟು ಉದ್ದ, ಎಷ್ಟು ಭಾಷೆ, ಯಾವ ತಾರೀಕಿಗೆ, ಮತ್ತು ಕೊನೆಗೆ ಒಪ್ಪಿಗೆ ಕೊಡುವ ಒಬ್ಬ ವ್ಯಕ್ತಿ ಯಾರು. ಈ ಕೊನೆಯದನ್ನು ಕೇಳಲು ಸಂಕೋಚಪಟ್ಟವರು ಮೂರನೇ ತಿದ್ದುಪಡಿಯ ಹೊತ್ತಿಗೆ ಅದಕ್ಕೆ ಬೆಲೆ ತೆರುತ್ತಾರೆ. ಸಂಸ್ಥೆಯ ಲೋಗೊವನ್ನು ವೆಕ್ಟರ್ ಫೈಲ್ (ಎಷ್ಟು ಹಿಗ್ಗಿಸಿದರೂ ಮಸುಕಾಗದ್ದು) ಆಗಿಯೇ ಕೇಳಿ ಪಡೆಯಿರಿ. ಬಿಳಿ ಚೌಕದೊಳಗಿನ ಲೋಗೊವನ್ನು ಫೋನಿನಲ್ಲಿ ಕಳಿಸುವುದು ಎಲ್ಲೆಡೆ ಇದ್ದದ್ದೇ.

ಅಡ್ಡ ವಿಡಿಯೊ ಜೊತೆಗೆ ಫೋನಿಗೆ ನಿಲುವಿನದೂ (ಎತ್ತರ ಹೆಚ್ಚು, ಅಗಲ ಕಡಿಮೆ) ಬೇಕೇ ಎಂಬುದು ಶೂಟಿಂಗ್‌ಗೆ ಮೊದಲೇ ಗೊತ್ತಿರಬೇಕು. 3840×2160 ಅಳತೆಯ 4ಕೆ ಚಿತ್ರದಿಂದ 9:16 ತುಂಡು ಕತ್ತರಿಸಿದರೆ 1215×2160 ಸಿಗುತ್ತದೆ. 1080×1920ಕ್ಕೆ ಅದು ಧಾರಾಳ. 1920×1080ರಲ್ಲೇ ತೆಗೆದಿದ್ದರೆ ಸಿಗುವ ಅಗಲ 607 ಪಿಕ್ಸೆಲ್ ಮಾತ್ರ, ಹಿಗ್ಗಿಸಿದಾಗ ಮಸುಕಾಗುತ್ತದೆ. ಇಬ್ಬರನ್ನು ಚೌಕಟ್ಟಿನ ಎರಡು ತುದಿಗೆ ಕೂರಿಸಿ ತೆಗೆದ ಶಾಟ್ ಅಂತೂ ನಿಲುವಿನ ಚೌಕಟ್ಟಿಗೆ ಬರುವುದೇ ಇಲ್ಲ.

ರೆಕ್ಕಿಗೆ (ಶೂಟಿಂಗ್ ಜಾಗವನ್ನು ಮೊದಲೇ ನೋಡಿಬರಲು) ಹೋದಾಗ ಏನು ನೋಡಬೇಕು?

ಮೊದಲು ಕೇಳಬೇಕು, ಆಮೇಲೆ ನೋಡಬೇಕು. ಕೋಣೆಯ ನಡುವೆ ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ಮನೆ ನಿಲ್ಲಿ. ಎಸಿ, ಫ್ಯಾನ್, ಫ್ರಿಜ್, ಪಕ್ಕದ ಕಟ್ಟಡದ ಕೆಲಸ, ಹೊರಗಿನ ವಾಹನಗಳು ಒಂದೊಂದಾಗಿ ಕೇಳಿಸತೊಡಗುತ್ತವೆ. ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಮೊಳಗಿದರೆ ಕೋಣೆ ಬೋಳಾಗಿದೆ ಎಂದರ್ಥ. ಪರದೆ, ಕಂಬಳಿ, ನೆಲಹಾಸು ತರಬೇಕಾಗುತ್ತದೆ.

ಶೂಟಿಂಗ್ ನಡೆಯುವ ಹೊತ್ತಿಗೇ ರೆಕ್ಕಿಗೂ ಹೋಗಿ, ಕಿಟಕಿಯ ಬಿಸಿಲು ಎಲ್ಲಿ ಬೀಳುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಸಾಕೆಟ್‌ಗಳ ಫೋಟೊ ತೆಗೆದುಕೊಳ್ಳಿ. ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ಆ ವಿದ್ಯುತ್ ಸಾಲಿನಲ್ಲಿ ಎಳೆಯಬಹುದಾದ ವ್ಯಾಟ್ ಸಿಗುತ್ತದೆ. ಅದರಲ್ಲಿ ಶೇ 80ರಷ್ಟನ್ನು ಮಾತ್ರ ಬಳಸಿ. ಎಲ್‌ಇಡಿ ಲೈಟ್ ಬಂದ ಮೇಲೆ ನಮ್ಮಿಂದ ಟ್ರಿಪ್ ಆಗುವುದು ಕಡಿಮೆ. ಆದರೆ ಅದೇ ಸಾಲಿಗೆ ಯಾರೋ ನೀರು ಕಾಯಿಸುವ ಕೆಟಲ್ ಸಿಕ್ಕಿಸಿದರೆ ಕತೆ ಮುಗಿಯಿತು.

ವಿಡಿಯೊದಲ್ಲಿ ಲೈಟು ಮಿಣುಕುವುದು, ಕಪ್ಪು ಪಟ್ಟಿ ಓಡುವುದು ಯಾಕೆ?

ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿಗಳು ವಿದ್ಯುತ್ತಿನ ಆವರ್ತನದ ಎರಡರಷ್ಟು ವೇಗದಲ್ಲಿ ಹೊಳೆದು ಮಂಕಾಗುತ್ತವೆ: 50 ಹರ್ಟ್ಸ್ ಇರುವಲ್ಲಿ ಸೆಕೆಂಡಿಗೆ 100 ಸಲ, 60 ಹರ್ಟ್ಸ್ ಇರುವಲ್ಲಿ 120 ಸಲ. ಶಟರ್ ತೆರೆದಿರುವ ಅವಧಿಯೊಳಗೆ ಈ ಏರಿಳಿತ ಪೂರ್ತಿ ಸುತ್ತು ಮುಗಿಸದಿದ್ದರೆ ಪ್ರತಿ ಫ್ರೇಮಿಗೂ (ವಿಡಿಯೊದ ಒಂದೊಂದು ಬಿಡಿ ಚಿತ್ರಕ್ಕೂ) ಬೇರೆ ಬೇರೆ ಬೆಳಕು ಸಿಗುತ್ತದೆ. ಆದ್ದರಿಂದ 50 ಹರ್ಟ್ಸ್‌ನಲ್ಲಿ 1/50 ಅಥವಾ 1/100, 60 ಹರ್ಟ್ಸ್‌ನಲ್ಲಿ 1/60 ಅಥವಾ 1/120 ಸೆಕೆಂಡಿನ ಶಟರ್ ಇಡಿ. ಸೆಕೆಂಡಿಗೆ 25 ಫ್ರೇಮಿನಲ್ಲಿ 1/50 ಇಟ್ಟರೆ ಚಲನೆಯೂ ಕಣ್ಣಿಗೆ ಸಹಜವಾಗಿ ಕಾಣುತ್ತದೆ.

ಸ್ಲೋ ಮೋಷನ್ನಿನಲ್ಲಿ ಈ ಉಪಾಯ ಎಲ್ಲ ಸಲ ನಡೆಯದು. ಸೆಕೆಂಡಿಗೆ 100 ಫ್ರೇಮ್ ತೆಗೆಯಲು 1/200 ಶಟರ್ ಇಟ್ಟರೆ ಅಲ್ಲಿನ ಲೈಟುಗಳಿಂದ ಮಿಣುಕು ಅಥವಾ ಪಟ್ಟಿ ಕಾಣಬಹುದು. ಅವನ್ನು ಆರಿಸಿ ನಿಮ್ಮ ಫ್ಲಿಕ್ಕರ್ ಇಲ್ಲದ ಲೈಟ್ ಹಾಕಿ, ಇಲ್ಲವೇ ಹಗಲು ಬೆಳಕಿಗೆ ಹೋಗಿ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಯ ಲೆಕ್ಕವೇ ಬೇರೆ, ಅದಕ್ಕೆ ತನ್ನದೇ ವೇಗವಿರುತ್ತದೆ. ಕ್ಯಾಮೆರಾದಲ್ಲಿ ಶಟರನ್ನು ದಶಮಾಂಶದಲ್ಲಿ ಬದಲಿಸುವ ಸೌಲಭ್ಯವಿದ್ದರೆ ಪಟ್ಟಿ ನಿಲ್ಲುವವರೆಗೆ ಸ್ವಲ್ಪಸ್ವಲ್ಪವೇ ಸರಿಸಿ.

ಸಂದರ್ಶನದಲ್ಲಿ ಧ್ವನಿ ಕೆಡುವುದು ಯಾಕೆ? ತಡೆಯುವುದು ಹೇಗೆ?

ಮೈಕ್ ದೂರವಿರುವುದೇ ಹತ್ತರಲ್ಲಿ ಎಂಟು ಸಲ ಕಾರಣ. ಕ್ಯಾಮೆರಾ ಮೇಲಿನ ಮೈಕ್ ಎಷ್ಟೇ ದುಬಾರಿಯಾಗಿದ್ದರೂ ಎರಡು ಮೀಟರ್ ದೂರದಿಂದ ಕೋಣೆಯನ್ನೇ ಹೆಚ್ಚು ಕೇಳಿಸಿಕೊಳ್ಳುತ್ತದೆ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ ಸಿಕ್ಕಿಸಿ. ರೇಷ್ಮೆ, ಗಂಜಿ ಹಾಕಿದ ಹತ್ತಿ ಬಟ್ಟೆ, ಕತ್ತಿನ ಸರ, ಗುರುತಿನ ಚೀಟಿಯ ದಾರ ಎಲ್ಲವೂ ಮೈಕಿಗೆ ಉಜ್ಜುತ್ತವೆ. ಬಟ್ಟೆಯ ಒಳಗೆ ಅಡಗಿಸುವುದಾದರೆ ಎರಡೂ ಕಡೆ ಟೇಪು ಹಾಕಿ ಅಲುಗದಂತೆ ಮಾಡಿ, ವೈರಿಗೆ ಒಂದು ಸುತ್ತು ಸಡಿಲ ಬಿಡಿ. ಬೂಮ್ ಆದರೆ ಚೌಕಟ್ಟಿಗೆ ತಾಗುವಷ್ಟು ಹತ್ತಿರ, ಮೇಲಿನಿಂದ ಬಾಯಿಯ ಕಡೆಗೆ.

ರೆಕಾರ್ಡಿಂಗ್ 48 ಕಿಲೊಹರ್ಟ್ಸ್, 24 ಬಿಟ್. ಮಾತು ಜೋರಾದಾಗ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸು ಮುಟ್ಟಲಿ. ಸೊನ್ನೆ ದಾಟಿ ಒಡೆದ ಧ್ವನಿಯನ್ನು ಎಡಿಟಿಂಗ್‌ನಲ್ಲಿ ರಿಪೇರಿ ಮಾಡಲಾಗದು. 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಮಟ್ಟದ ಚಿಂತೆ ಕಡಿಮೆ. ಆದರೆ ಮೈಕಿನಲ್ಲೇ ಅಥವಾ ವೈರ್‌ಲೆಸ್ ಟ್ರಾನ್ಸ್‌ಮಿಟರ್‌ನಲ್ಲೇ ಒಡೆದ ಧ್ವನಿಯನ್ನು ಅದೂ ಉಳಿಸದು. ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ ಇದ್ದು ಮಾತಿಲ್ಲದೆ 30 ಸೆಕೆಂಡ್ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿ. ಮಾತು ಕತ್ತರಿಸಿದ ಜಾಗ ಬರಿದಾಗಿ ಕೇಳದಂತೆ ತುಂಬುವುದು ಇದೇ.

ಫ್ರಿಜ್ ಆಫ್ ಮಾಡಿದರೆ ಕಾರಿನ ಕೀಲಿಯನ್ನು ಅದರೊಳಗೆ ಇಡಿ. ಹೊರಡುವಾಗ ಮತ್ತೆ ಆನ್ ಮಾಡಲು ಮರೆಯುವುದಿಲ್ಲ.

ವೇದಿಕೆ ಕಾರ್ಯಕ್ರಮದಲ್ಲಿ ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ ನೇರ ಧ್ವನಿ ತೆಗೆದುಕೊಂಡರೆ ಸಾಲದೇ?

ಸಾಲದು. ಮೈಕ್ ಇಟ್ಟದ್ದು ಮಾತ್ರ ಮಿಕ್ಸರ್‌ಗೆ ಬರುತ್ತದೆ. ಚಪ್ಪಾಳೆ, ನಗು, ಸಭಾಂಗಣದ ಗಾಳಿ ಅದರಲ್ಲಿ ಇರುವುದಿಲ್ಲ. ಸಭಿಕರ ಕಡೆ ಇನ್ನೊಂದು ರೆಕಾರ್ಡರ್ ಇಡಿ. ಮಿಕ್ಸರ್ ಕೊಡುವುದು ಲೈನ್ ಮಟ್ಟದ (ಜೋರಾದ) ಸಿಗ್ನಲ್, ಕ್ಯಾಮೆರಾ ನಿರೀಕ್ಷಿಸುವುದು ಮೈಕ್ ಮಟ್ಟದ್ದು (ತೀರ ಸಣ್ಣದು). ಸ್ವಿಚ್ ಬದಲಿಸದೆ ಚುಚ್ಚಿದರೆ ಮೊದಲ ಪದದಿಂದಲೇ ಧ್ವನಿ ಒಡೆಯುತ್ತದೆ.

ಇನ್ನೊಂದು ವಿಷಯ ಹಲವರಿಗೆ ಒಗಟಾಗಿ ಕಾಡುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸ್ಪೀಕರ್‌ನಿಂದ 34 ಮೀಟರ್ ಹಿಂದಿರುವ ಕ್ಯಾಮೆರಾದ ಮೈಕಿಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ತಲುಪುತ್ತದೆ. ಅಂದರೆ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಎರಡೂವರೆ ಫ್ರೇಮ್. ಆ ಧ್ವನಿಯನ್ನು ಆಧಾರವಾಗಿಟ್ಟು ಸಾಫ್ಟ್‌ವೇರ್ ತಾನಾಗಿಯೇ ಜೋಡಿಸಿದಾಗ ತುಟಿ ಒಂದು ಕಡೆ, ಮಾತು ಒಂದು ಕಡೆ. ಅಂಥಲ್ಲಿ ತುಟಿ ನೋಡಿ ಕೈಯಿಂದಲೇ ಸರಿಸಬೇಕು.

ಕಾರ್ಡ್ ಎಷ್ಟು ಬೇಕು? ಫುಟೇಜ್ ಕಳೆಯದಂತೆ ಏನು ಮಾಡಬೇಕು?

ಲೆಕ್ಕ ಸುಲಭ. ಕ್ಯಾಮೆರಾದ ಬಿಟ್‌ರೇಟ್ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಆದರೆ, 8ರಿಂದ ಭಾಗಿಸಿ ಸೆಕೆಂಡಿಗೆ 12.5 ಎಂಬಿ (ಮೆಗಾಬೈಟ್), ಗಂಟೆಗೆ 45 ಜಿಬಿ. 64 ಜಿಬಿ ಕಾರ್ಡಿಗೆ ಸುಮಾರು 85 ನಿಮಿಷ. 400 ಎಂಬಿಪಿಎಸ್‌ನಲ್ಲಿ ಗಂಟೆಗೆ 180 ಜಿಬಿ. 128 ಜಿಬಿ ಕಾರ್ಡ್ 42 ನಿಮಿಷಕ್ಕೆ ತುಂಬುತ್ತದೆ. ಐದು ಗಂಟೆಯ ಕಾರ್ಯಕ್ರಮವನ್ನು 100 ಎಂಬಿಪಿಎಸ್‌ನ ಎರಡು ಕ್ಯಾಮೆರಾದಲ್ಲಿ ತೆಗೆದರೆ 450 ಜಿಬಿ. ಸೆಕೆಂಡಿಗೆ 100 ಎಂಬಿ ಬರೆಯುವ ಹಾರ್ಡ್ ಡಿಸ್ಕಿಗೆ ಒಂದು ಪ್ರತಿ ಮಾಡಲು 75 ನಿಮಿಷ ಬೇಕು. ರಾತ್ರಿ ಹನ್ನೊಂದಕ್ಕೆ ಮುಗಿಯುವ ಕಾರ್ಯಕ್ರಮವಾದರೆ ಈ 75 ನಿಮಿಷವನ್ನೂ ಕೆಲಸದ ವೇಳೆಯಲ್ಲೇ ಸೇರಿಸಿ.

ನಿಯಮ ಹಳೆಯದೇ: ಮೂರು ಪ್ರತಿ, ಎರಡು ಬೇರೆ ಸಾಧನ, ಒಂದು ಬೇರೆ ಜಾಗ. ತುಂಬಿದ ಕಾರ್ಡಿನ ಲಾಕ್ ಜಾರಿಸಿ, ಕೇಸಿನಲ್ಲಿ ತಲೆಕೆಳಗಾಗಿ ಇಡಿ. ತಲೆಕೆಳಗೆಂದರೆ ತುಂಬಿದ್ದು ಎಂದು ಎಲ್ಲರಿಗೂ ಒಂದೇ ಅರ್ಥವಿರಲಿ. ಫೈಲ್‌ಗಳನ್ನು ಆರಿಸಿ ಎಳೆಯದೆ ಕಾರ್ಡಿನ ಪೂರ್ತಿ ಫೋಲ್ಡರನ್ನೇ ಹಾಗೆಯೇ ನಕಲು ಮಾಡಿ. ಕೆಲವು ಕ್ಯಾಮೆರಾಗಳ ಉದ್ದನೆಯ ಕ್ಲಿಪ್ ಹಲವು ತುಂಡುಗಳಾಗಿ, ಮಾಹಿತಿ ಬೇರೆ ಫೋಲ್ಡರಿನಲ್ಲಿ ಇರುತ್ತದೆ. ಚೆಕ್‌ಸಮ್ ನೋಡುವ ಸಾಫ್ಟ್‌ವೇರ್ ಬಳಸಿದರೆ ನಕಲು ಮೂಲದಂತೆಯೇ ಇದೆ ಎಂಬ ಖಾತ್ರಿ ಸಿಗುತ್ತದೆ. ಆಮೇಲೆ ಮೊದಲ, ನಡುವಿನ, ಕೊನೆಯ ಕ್ಲಿಪ್ ತೆರೆದು ನೋಡಿ. ಎರಡು ಪ್ರತಿ ಆಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ. ಮಾಡುವುದು ಕಂಪ್ಯೂಟರಿನಲ್ಲಿ ಅಲ್ಲ, ಅದೇ ಕ್ಯಾಮೆರಾದಲ್ಲಿ.

ತಪ್ಪಿ ಫಾರ್ಮ್ಯಾಟ್ ಆದರೆ ಆ ಕಾರ್ಡನ್ನು ತಕ್ಷಣ ಹೊರತೆಗೆದು, ಅದರ ಮೇಲೆ ಇನ್ನೇನನ್ನೂ ರೆಕಾರ್ಡ್ ಮಾಡಬೇಡಿ. ಫೈಲ್‌ಗಳ ಪಟ್ಟಿ ಮಾತ್ರ ಅಳಿಸಿದ್ದರೆ ರಿಕವರಿ ಸಾಫ್ಟ್‌ವೇರ್‌ನಿಂದ ಬಹಳಷ್ಟು ಮರಳಿ ಸಿಗಬಹುದು.

ಲೈವ್ ಸ್ಟ್ರೀಮ್ ಕೆಲಸ ಒಪ್ಪಿಕೊಳ್ಳುವ ಮೊದಲು ಏನು ಗೊತ್ತಿರಬೇಕು?

ಅಪ್‌ಲೋಡ್ ವೇಗ. ಡೌನ್‌ಲೋಡ್ ಎಷ್ಟಿದ್ದರೂ ಇಲ್ಲಿ ಪ್ರಯೋಜನವಿಲ್ಲ. 1080 ಅಳತೆಯ ಸ್ಟ್ರೀಮನ್ನು 5–6 ಎಂಬಿಪಿಎಸ್‌ನಲ್ಲಿ ಕಳಿಸುವುದಾದರೆ ಅದರ ಎರಡರಷ್ಟು ಅಪ್‌ಲೋಡ್ ನಿರಂತರವಾಗಿ ಸಿಗಬೇಕು. ಖಾಲಿ ಸಭಾಂಗಣದಲ್ಲಿ ಅಳೆದ ವೇಗವನ್ನು ನಂಬಬೇಡಿ: ಐನೂರು ಜನ ಬಂದು ಅದೇ ವೈಫೈ, ಅದೇ ಮೊಬೈಲ್ ಟವರ್ ಬಳಸತೊಡಗಿದಾಗ ಅದು ಕುಸಿಯುತ್ತದೆ. ಬೇರೆಯವರು ಬಳಸದ ಒಂದು ಕೇಬಲ್ ಸಂಪರ್ಕ ಕೇಳಿ ಪಡೆದು, ಅದು ಕೈಕೊಟ್ಟರೆ ಇರಲಿ ಎಂದು ಮೊಬೈಲ್ ಡೇಟಾವನ್ನೂ ಇಟ್ಟುಕೊಳ್ಳಿ. ಕೀಫ್ರೇಮ್ (ಸ್ಟ್ರೀಮಿನಲ್ಲಿ ಪೂರ್ತಿಯಾಗಿ ಕಳಿಸುವ ಚಿತ್ರ) ಅಂತರ 2 ಸೆಕೆಂಡ್ ಇಡಿ.

ಎಚ್‌ಡಿಎಂಐ ಸಾದಾ ಕೇಬಲ್ 10 ಮೀಟರ್ ದಾಟಿದರೆ ಯಾವಾಗ ಕೈಕೊಡುತ್ತದೋ ಹೇಳಲಾಗದು. ಅದರ ಕನೆಕ್ಟರ್ ಯಾರಾದರೂ ಎಡವಿದರೆ ಕಳಚುತ್ತದೆ ಕೂಡ. ದೂರಕ್ಕೆ ಎಸ್‌ಡಿಐ (ವೃತ್ತಿಪರ ವಿಡಿಯೊ ಕೇಬಲ್) ಬಳಸಿ, ಕೇಬಲ್ಲನ್ನು ನೆಲಕ್ಕೆ ಟೇಪು ಹಚ್ಚಿ. ಭಾಷಣಕಾರರ ಲ್ಯಾಪ್‌ಟಾಪ್ ಪರದೆ ನಿಮ್ಮ ಸ್ವಿಚರ್‌ನಲ್ಲಿ (ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಬದಲಿಸುವ ಸಾಧನ) ಕಪ್ಪಾಗಿ ಕಂಡರೆ ಅದು ಎಚ್‌ಡಿಸಿಪಿ ಎಂಬ ನಕಲು ತಡೆಯ ಕೆಲಸವಾಗಿರಬಹುದು, ಹಿಂದಿನ ದಿನವೇ ಅದೇ ಲ್ಯಾಪ್‌ಟಾಪ್ ಹಾಕಿ ನೋಡಿ. ಮತ್ತೆ, ಸ್ಟ್ರೀಮ್ ಮಾಡುತ್ತಿದ್ದೇವೆ ಎಂದು ಕ್ಯಾಮೆರಾದೊಳಗಿನ ರೆಕಾರ್ಡಿಂಗ್ ಬಿಡಬೇಡಿ.

ಎಡಿಟಿಂಗ್‌ನಲ್ಲಿ ಮೊದಲು ಸರಿಯಿದ್ದ ಸಿಂಕ್ (ಚಿತ್ರ–ಧ್ವನಿಯ ಹೊಂದಿಕೆ) ಹೋಗುತ್ತಾ ಹೋಗುತ್ತಾ ಜಾರುತ್ತದೆ. ಏನು ಕಾರಣ?

ಮೊದಲು ಫೋನ್ ಫುಟೇಜನ್ನು ಅನುಮಾನಿಸಿ. ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ದರವನ್ನು ಏರಿಳಿಸುತ್ತವೆ. ಅದನ್ನು ಸ್ಥಿರ ಫ್ರೇಮ್ ದರಕ್ಕೆ ಪರಿವರ್ತಿಸಿ ಆಮೇಲೆ ಟೈಮ್‌ಲೈನಿಗೆ ತನ್ನಿ. ಎರಡನೆಯದು ಸೆಕೆಂಡಿಗೆ 24 ಮತ್ತು 23.976 ಫ್ರೇಮಿನ ಗೊಂದಲ: ವ್ಯತ್ಯಾಸ ಸಾವಿರಕ್ಕೆ ಒಂದೇ ಆದರೂ ಒಂದು ಗಂಟೆಗೆ 3.6 ಸೆಕೆಂಡ್ ಆಗುತ್ತದೆ. ಎರಡೂ ಅಲ್ಲದಿದ್ದರೆ ಬೇರೆ ಬೇರೆ ಸಾಧನಗಳ ಗಡಿಯಾರಗಳೇ ಕೊಂಚ ಹೆಚ್ಚುಕಮ್ಮಿ ಓಡುತ್ತಿರುತ್ತವೆ. ಉದ್ದನೆಯ ರೆಕಾರ್ಡಿಂಗ್ ಆದರೆ ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಒಂದು ಚಪ್ಪಾಳೆ ತಟ್ಟಿ, ಎಷ್ಟು ಜಾರಿದೆ ಎಂಬುದು ಅಳತೆಗೆ ಸಿಗುತ್ತದೆ.

ಟೈಟಲ್‌ನಲ್ಲಿ ಕನ್ನಡ ಒತ್ತಕ್ಷರ ಒಡೆದು ಬರುತ್ತದೆ. ಫಾಂಟ್ ದೋಷವೇ?

ಬಹುತೇಕ ಸಲ ಅಲ್ಲ. ಒತ್ತು, ಗುಣಿತಗಳನ್ನು ಜೋಡಿಸುವ ಎಂಜಿನ್ ಸಾಫ್ಟ್‌ವೇರ್‌ನಲ್ಲಿ ಆನ್ ಆಗಿರುವುದಿಲ್ಲ. ಅಡೋಬಿ ಪ್ರೀಮಿಯರ್, ಆಫ್ಟರ್ ಎಫೆಕ್ಟ್ಸ್‌ನ ಪ್ರಿಫರೆನ್ಸಸ್‌ನಲ್ಲಿ ಟೆಕ್ಸ್ಟ್ ಎಂಜಿನ್ನನ್ನು ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ ಎಂಬುದಕ್ಕೆ ಬದಲಿಸಿ, ಅಕ್ಷರವನ್ನು ಹೊಸದಾಗಿ ಬರೆಯಿರಿ. ಕ್ಲೈಂಟ್ ಕೊಟ್ಟ ಫೈಲ್ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನದಾದರೆ ಮೊದಲು ಪರಿವರ್ತಿಸಬೇಕು, ಪರಿವರ್ತಿಸಿದ್ದನ್ನು ಒಬ್ಬರು ಕೂತು ಓದಬೇಕು. ಅರ್ಕಾವೊತ್ತು ಜಾಗ ಬದಲಿಸುವುದು ಅಲ್ಲೇ. ಟೈಟಲ್ ಎಡಿಟ್ ಮಾಡಿದವರಿಂದಲೇ ಕರಡು ತಿದ್ದಿಸಬೇಡಿ. ತಾವು ಬರೆದ ತಪ್ಪು ತಮ್ಮ ಕಣ್ಣಿಗೆ ಬೀಳದು.

ತಿದ್ದುಪಡಿಗಳು ಮುಗಿಯುವುದೇ ಇಲ್ಲವಲ್ಲ?

ಹಂತ ಹಂತವಾಗಿ ಬಾಗಿಲು ಮುಚ್ಚುತ್ತಾ ಬನ್ನಿ. ಮೊದಲು ಸಂದರ್ಶನದ ಮಾತುಗಳನ್ನು ಬರಹದಲ್ಲಿ ಕಳಿಸಿ ಯಾವುದು ಬೇಕು ಎಂದು ಒಪ್ಪಿಗೆ ಪಡೆಯಿರಿ. ಆಮೇಲೆ ಬಣ್ಣ, ಸಂಗೀತ ಹದವಾಗದ ರಫ್ ಕಟ್, ಚಿತ್ರದ ಮೇಲೆಯೇ ಟೈಮ್‌ಕೋಡ್ (ಸಮಯದ ಅಂಕಿ) ಓಡುವಂತೆ ಮಾಡಿ ಕಳಿಸಿ. "ನಡುವೆ ಎಲ್ಲೋ ಒಂದು ಕಡೆ" ಎಂಬ ದೂರಿನ ಬದಲು "1 ನಿಮಿಷ 12 ಸೆಕೆಂಡ್" ಎಂಬ ಉತ್ತರ ಬರುತ್ತದೆ. ಈ ಕಟ್‌ಗೆ ಲಿಖಿತ ಒಪ್ಪಿಗೆ ಸಿಕ್ಕ ಮೇಲೆಯೇ ಬಣ್ಣ, ಮಿಕ್ಸ್, ಗ್ರಾಫಿಕ್ಸ್. ಒಪ್ಪಂದದಲ್ಲಿ ಎರಡು ಸುತ್ತು ಎಂದು ಬರೆಯುವುದು ವಾಡಿಕೆ. ಸುತ್ತು ಎಂದರೆ ಒಬ್ಬರೇ ಒಟ್ಟು ಮಾಡಿ ಕಳಿಸಿದ ಒಂದು ಪಟ್ಟಿ ಎಂದೂ ಬರೆಯಿರಿ. ಇಲ್ಲವಾದರೆ ಐದು ಜನರ ಐದು ಸಂದೇಶ, ಅದರಲ್ಲಿ ಎರಡು ಒಂದಕ್ಕೊಂದು ವಿರುದ್ಧ.

ಕೊನೆಯ ಫೈಲ್ ಯಾವ ಅಳತೆಯಲ್ಲಿರಬೇಕು?

ಯೂಟ್ಯೂಬ್‌ಗೆ ಎಚ್.264 (ವಿಡಿಯೊ ಕುಗ್ಗಿಸುವ ಒಂದು ವಿಧಾನ). 1080ರಲ್ಲಿ, ಸೆಕೆಂಡಿಗೆ 24ರಿಂದ 30 ಫ್ರೇಮಿಗೆ ಅದು ಕೇಳುವುದು 8 ಎಂಬಿಪಿಎಸ್. 15–20 ಕೊಟ್ಟರೆ ಅವರು ಮತ್ತೆ ಕುಗ್ಗಿಸಿದಾಗಲೂ ಚಿತ್ರ ನಿಲ್ಲುತ್ತದೆ. ಅಲ್ಲಿ ಧ್ವನಿಯ ಒಟ್ಟು ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತಮುತ್ತ, ಶಿಖರ ಮೈನಸ್ 1 ಡೆಸಿಬಲ್ ದಾಟದಂತೆ ಇರಲಿ. ಟಿವಿ ಪ್ರಸಾರಕ್ಕಾದರೆ ವಾಹಿನಿ ಕೊಡುವ ಅಳತೆಯೇ ಅಂತಿಮ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟದ (ಇಬಿಯು) ಆರ್128 ಮಾನದಂಡ ಮೈನಸ್ 23 ಎನ್ನುತ್ತದೆ. ಕಳಿಸುವ ಮೊದಲು ಫೈಲನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಫೋನಿನ ಸ್ಪೀಕರ್‌ನಲ್ಲಿ ಕೇಳಿ. ಸ್ಟುಡಿಯೊದಲ್ಲಿ ಹಿತವಾಗಿದ್ದ ಹಿನ್ನೆಲೆ ಸಂಗೀತ ಅಲ್ಲಿ ಮಾತನ್ನು ನುಂಗುತ್ತದೆ.

ವಿಮಾನದಲ್ಲಿ ಹೋಗುವಾಗ ಬ್ಯಾಟರಿಗಳನ್ನು ಏನು ಮಾಡಬೇಕು?

ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್‌ಅವರ್‌ವರೆಗಿನವಕ್ಕೆ ಸಾಮಾನ್ಯವಾಗಿ ಅನುಮತಿ ಬೇಡ. 100ರಿಂದ 160ರವರೆಗಿನವು ವಿಮಾನ ಸಂಸ್ಥೆಯ ಒಪ್ಪಿಗೆಯೊಂದಿಗೆ ಎರಡು ಮಾತ್ರ. ಅದಕ್ಕಿಂತ ದೊಡ್ಡವನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಎಷ್ಟೋ ವಿ-ಮೌಂಟ್ (ಕ್ಯಾಮೆರಾ ಹಿಂದೆ ಸಿಕ್ಕಿಸುವ ದೊಡ್ಡ) ಬ್ಯಾಟರಿಗಳ ಮೇಲೆ 98 ಅಥವಾ 99 ಎಂದು ಬರೆದಿರುವುದು ಇದಕ್ಕಾಗಿಯೇ. ವ್ಯಾಟ್‌ಅವರ್ ನಮೂದಿಸಿಲ್ಲದಿದ್ದರೆ ವೋಲ್ಟ್ ಮತ್ತು ಆಂಪಿಯರ್‌ಅವರ್ ಗುಣಿಸಿ ಚೀಟಿ ಅಂಟಿಸಿ. ತುದಿಗಳಿಗೆ ಟೇಪು ಹಚ್ಚಿ.

ಹಳೆಯ ಪ್ರಾಜೆಕ್ಟುಗಳನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?

ಎಷ್ಟು ದಿನ ಎಂಬುದನ್ನು ಒಪ್ಪಂದದಲ್ಲೇ ಬರೆಯಿರಿ. ಬರೆಯದಿದ್ದರೆ "ಎರಡು ವರ್ಷದ ಹಿಂದಿನ ಆ ಶಾಟ್" ಎಂದು ಫೋನ್ ಬಂದೇ ಬರುತ್ತದೆ. ಅವಧಿ ಮುಗಿದ ಮೇಲೂ ಅಂತಿಮ ಫೈಲ್, ಅಕ್ಷರಗಳಿಲ್ಲದ ಒಂದು ಪ್ರತಿ, ಮಾತು–ಸಂಗೀತ–ಸದ್ದು ಬೇರೆ ಬೇರೆಯಾಗಿರುವ ಆಡಿಯೊ, ಸಂಗೀತದ ಪರವಾನಗಿ ಮತ್ತು ಚಿತ್ರದಲ್ಲಿರುವವರ ಒಪ್ಪಿಗೆ ಪತ್ರ ಇವಿಷ್ಟನ್ನು ಉಳಿಸಿ. ಹೆಸರು ಬದಲಾದ ಅಧಿಕಾರಿ, ಹೊಸ ಲೋಗೊ, ಇನ್ನೊಂದು ಭಾಷೆಯ ಧ್ವನಿ ಎಲ್ಲವನ್ನೂ ಪ್ರಾಜೆಕ್ಟ್ ತೆರೆಯದೆಯೇ ಇದರಿಂದ ಮಾಡಿಕೊಡಬಹುದು. ಹಾರ್ಡ್ ಡಿಸ್ಕನ್ನು ಕಪಾಟಿನಲ್ಲಿಟ್ಟು ಮರೆಯಬೇಡಿ. ವರ್ಷಕ್ಕೊಮ್ಮೆ ಹಾಕಿ ಒಂದೆರಡು ಫೈಲ್ ತೆರೆದು ನೋಡಿ, ನೋಡಿದ ತಾರೀಕನ್ನು ಅದರ ಮೇಲೆಯೇ ಬರೆದಿಡಿ.